ಚಂದ್ರನಿಂದ ಕರೆಂಟ್, ಮಂಗಳಕ್ಕೆ 30 ದಿನ: ಬಾಹ್ಯಾಕಾಶದ ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು, ನೆಗೆತವೆಷ್ಟು?

"ಚಂದ್ರನ ಮೇಲೆ ಹೀಲಿಯಂ-3 ಸಿಕ್ಕಿದೆ. ಅದನ್ನು ತಂದರೆ ಭಾರತಕ್ಕೆ ನೂರಾರು ವರ್ಷ ಕರೆಂಟ್ ಫ್ರೀ. ಈ ಸುದ್ದಿಯನ್ನು ಯಾವ ಚಾನೆಲ್ಲೂ ತೋರಿಸುವುದಿಲ್ಲ. ಹೆಮ್ಮೆಯ ಭಾರತೀಯರಾದರೆ ಹತ್ತು ಗ್ರೂಪ್‌ಗೆ ಕಳಿಸಿ."

ಹೆಚ್ಚುಕಡಿಮೆ ಇದೇ ಒಕ್ಕಣೆಯ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಇದರ ಜೊತೆಗೆ "ಮಂಗಳ ಗ್ರಹಕ್ಕೆ ಇನ್ನು ಬರೀ 30 ದಿನ", "ಚಿನ್ನ ತುಂಬಿದ ಕ್ಷುದ್ರಗ್ರಹ", "ಚಂದ್ರನ ಮೇಲೆ ಎಕರೆ ಲೆಕ್ಕದಲ್ಲಿ ಸೈಟು" ಎಂಬ ಸಂದೇಶಗಳೂ ಓಡಾಡುತ್ತಲೇ ಇರುತ್ತವೆ.

ಇವುಗಳನ್ನು "ಸುಳ್ಳು" ಎಂದು ಮುದ್ರೆ ಒತ್ತಿ ಬದಿಗಿಡುವುದು ಸುಲಭ. ಆದರೆ ಇವು ಪೂರ್ತಿ ಸುಳ್ಳಲ್ಲ, ಕಷ್ಟ ಇರುವುದೇ ಅಲ್ಲಿ. ಚಂದ್ರನ ಮಣ್ಣಿನಲ್ಲಿ ಹೀಲಿಯಂ-3 ಇರುವುದು ನಿಜ. ಹೊಸ ಬಗೆಯ ಎಂಜಿನ್‌ಗಳ ಪರೀಕ್ಷೆ ನಡೆಯುತ್ತಿರುವುದು ನಿಜ. ಲೋಹ ಹೆಚ್ಚಾಗಿರುವ ಕ್ಷುದ್ರಗ್ರಹ ಇರುವುದೂ ನಿಜವೇ. ಸಂದೇಶದ ಮೊದಲ ವಾಕ್ಯ ನಿಜವಾಗಿರುತ್ತದೆ, ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಐವತ್ತು ವರ್ಷ ಮುಂದಕ್ಕೆ ಹಾರಿರುತ್ತದೆ. ಮೊದಲನೆಯದನ್ನು ಗೂಗಲ್‌ನಲ್ಲಿ ನೋಡಿ "ಹೌದಲ್ಲ, ನಿಜವೇ" ಎಂದುಕೊಂಡ ನಾವು ಎರಡನೆಯದನ್ನೂ ನಂಬಿಬಿಡುತ್ತೇವೆ.

ಹಾಗಾಗಿ ಬಾಹ್ಯಾಕಾಶದ ಸುದ್ದಿ ಬಂದಾಗ "ನಿಜವೋ ಸುಳ್ಳೋ" ಎಂದು ಕೇಳಿದರೆ ಸಾಲದು. "ಎಷ್ಟನೇ ಮೆಟ್ಟಿಲಲ್ಲಿದೆ?" ಎಂದು ಕೇಳಬೇಕು.

ನಾಲ್ಕು ಮೆಟ್ಟಿಲುಗಳು

ಹೊಸ ತಂತ್ರಜ್ಞಾನ ಎಷ್ಟು ಮಾಗಿದೆ ಎಂದು ಅಳೆಯಲು ನಾಸಾ ಒಂದರಿಂದ ಒಂಬತ್ತರವರೆಗಿನ ಅಂಕಗಳನ್ನು ಬಳಸುತ್ತದೆ. 1970ರ ದಶಕದಲ್ಲಿ ಅಲ್ಲಿ ಹುಟ್ಟಿದ ಈ ಪದ್ಧತಿಯನ್ನು ಇಂದು ಬೇರೆ ಬೇರೆ ದೇಶಗಳ ವಿಜ್ಞಾನ ಸಂಸ್ಥೆಗಳೂ ಅನುಸರಿಸುತ್ತವೆ. ನಮ್ಮ ದಿನಬಳಕೆಗೆ ಒಂಬತ್ತು ಬೇಡ, ನಾಲ್ಕು ಸಾಕು.

ಮೊದಲ ಮೆಟ್ಟಿಲು: ಕಾಗದದ ಮೇಲೆ ಲೆಕ್ಕ ಸರಿಯಾಗಿದೆ, ವಸ್ತು ಇನ್ನೂ ತಯಾರಾಗಿಲ್ಲ.

ಎರಡನೇ ಮೆಟ್ಟಿಲು: ಭೂಮಿಯ ಮೇಲೆ, ಲ್ಯಾಬ್‌ನಲ್ಲೋ ಮೈದಾನದಲ್ಲೋ ಮಾದರಿಯೊಂದು ಕೆಲಸ ಮಾಡಿದೆ.

ಮೂರನೇ ಮೆಟ್ಟಿಲು: ಬಾಹ್ಯಾಕಾಶದಲ್ಲೇ ಒಂದೆರಡು ಬಾರಿ, ಸಣ್ಣ ಪ್ರಮಾಣದಲ್ಲಿ ಮಾಡಿ ತೋರಿಸಿದ್ದಾರೆ.

ನಾಲ್ಕನೇ ಮೆಟ್ಟಿಲು: ಸುದ್ದಿಯೇ ಆಗದಷ್ಟು ಮಾಮೂಲಿ ಕೆಲಸವಾಗಿದೆ.

ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಹತ್ತಲು ಹತ್ತು ವರ್ಷ ಬೇಕಾಗಬಹುದು, ಐವತ್ತೂ ಬೇಕಾಗಬಹುದು. ಕೆಲವು ಎರಡನೆಯದರಲ್ಲೇ ನಿಂತುಬಿಡುತ್ತವೆ. ಫಾರ್ವರ್ಡ್‌ಗಳು ಮಾಡುವುದು ಇಷ್ಟೇ: ಮೊದಲ ಮೆಟ್ಟಿಲಲ್ಲಿರುವುದನ್ನು ನಾಲ್ಕನೆಯದರಲ್ಲಿದೆ ಎಂಬಂತೆ ಹೇಳುತ್ತವೆ. ಈಗ ಒಂದೊಂದಾಗಿ ನೋಡೋಣ.

ಹೀಲಿಯಂ-3: ಇರುವುದು ನಿಜ, ಆದರೆ ಎಷ್ಟು?

ಸೂರ್ಯನಿಂದ ಸದಾ ಕಣಗಳ ಗಾಳಿ ಬೀಸುತ್ತಿರುತ್ತದೆ. ಅದರಲ್ಲಿ ಹೀಲಿಯಂ-3 ಎಂಬ ಹಗುರವಾದ ಹೀಲಿಯಂ ಕೂಡ ಸ್ವಲ್ಪ ಇರುತ್ತದೆ. ಭೂಮಿಗೆ ಕಾಂತಕ್ಷೇತ್ರ ಮತ್ತು ವಾತಾವರಣದ ರಕ್ಷಣೆ ಇರುವುದರಿಂದ ಅದು ನಮ್ಮ ನೆಲಕ್ಕೆ ತಲುಪುವುದಿಲ್ಲ. ಚಂದ್ರನಿಗೆ ಆ ಕವಚವಿಲ್ಲ. ಹಾಗಾಗಿ ಕೋಟ್ಯಂತರ ವರ್ಷಗಳಿಂದ ಅದು ಅಲ್ಲಿನ ದೂಳಿನಲ್ಲಿ ಸೇರಿಕೊಂಡಿದೆ. ಅಪೊಲೊ ಯಾತ್ರಿಕರು ತಂದ ಮಣ್ಣಿನಲ್ಲೂ ಅದು ಸಿಕ್ಕಿದೆ.

ಎಷ್ಟು? ಹೆಚ್ಚು ಇರುವ ಜಾಗಗಳಲ್ಲೂ ನೂರು ಕೋಟಿ ಭಾಗ ಮಣ್ಣಿನಲ್ಲಿ ಸುಮಾರು 10ರಿಂದ 20 ಭಾಗ ಮಾತ್ರ. ಅಂದರೆ ಒಂದು ಕಿಲೋ ಹೀಲಿಯಂ-3 ಬೇಕಾದರೆ 50 ಸಾವಿರದಿಂದ 1 ಲಕ್ಷ ಟನ್ ಮಣ್ಣನ್ನು ತೋಡಿ, ಸುಮಾರು 700 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಹೊರಬರುವ ಅನಿಲಗಳಿಂದ ಅದನ್ನು ಬೇರ್ಪಡಿಸಬೇಕು. 20 ಟನ್ ಹಿಡಿಸುವ ಟಿಪ್ಪರ್ ಲೆಕ್ಕದಲ್ಲಿ ಇದು 2,500ರಿಂದ 5,000 ಲೋಡ್. ಬರೀ ಒಂದು ಕಿಲೋಗೆ!

ಮನುಷ್ಯ ಇದುವರೆಗೆ ಚಂದ್ರನಿಂದ ಒಟ್ಟು ಎಷ್ಟು ಕಲ್ಲು-ಮಣ್ಣು ತಂದಿದ್ದಾನೆ ಗೊತ್ತೇ? 1969ರಿಂದ 1972ರ ನಡುವೆ ಆರು ಅಪೊಲೊ ಯಾನಗಳು ತಂದದ್ದು 382 ಕಿಲೋ. ಸೋವಿಯತ್ ಒಕ್ಕೂಟದ ಮೂರು ಲೂನಾ ನೌಕೆಗಳು ತಂದದ್ದು ಸುಮಾರು 300 ಗ್ರಾಂ. ಚೀನಾದ ಚಾಂಗ್-5 ನೌಕೆ 2020ರಲ್ಲಿ 1,731 ಗ್ರಾಂ, ಚಾಂಗ್-6 ನೌಕೆ 2024ರಲ್ಲಿ 1,935 ಗ್ರಾಂ ತಂದಿವೆ. ಎಲ್ಲ ಸೇರಿಸಿದರೂ ನಾಲ್ಕು ಕ್ವಿಂಟಲ್ ಆಗುವುದಿಲ್ಲ.

ಸರಿ, ಹೇಗೋ ತಂದೆವು ಎನ್ನೋಣ. ಅದನ್ನು ಹಾಕಲು ಒಲೆ ಬೇಕಲ್ಲ? ಹೀಲಿಯಂ-3ರಿಂದ ವಿದ್ಯುತ್ ಪಡೆಯಲು ಪರಮಾಣು ಸಮ್ಮಿಳನ ನಡೆಸಬೇಕು, ಅಂದರೆ ಸೂರ್ಯನ ಒಳಗೆ ನಡೆಯುವಂಥ ಕ್ರಿಯೆಯನ್ನು ಯಂತ್ರದೊಳಗೆ ನಡೆಸಬೇಕು. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಪ್ರಯೋಗಾಲಯವೊಂದು ಇದರಲ್ಲಿ ದೊಡ್ಡ ಹೆಜ್ಜೆ ಇಟ್ಟಿತು. ಇಂಧನದ ಗುಳಿಗೆಗೆ 2.05 ಮೆಗಾಜೂಲ್ ಲೇಸರ್ ಶಕ್ತಿ ಹಾಯಿಸಿ 3.15 ಮೆಗಾಜೂಲ್ ಪಡೆಯಿತು. ಆದರೆ ಆ ಲೇಸರ್‌ಗಳನ್ನು ನಡೆಸಲು ಲೈನ್‌ನಿಂದ ಎಳೆದ ವಿದ್ಯುತ್ ಸುಮಾರು 300 ಮೆಗಾಜೂಲ್. ಅಲ್ಲಿ ಬಳಸಿದ್ದು ಹೀಲಿಯಂ-3 ಅಲ್ಲ, ಅದಕ್ಕಿಂತ ಸುಲಭವಾಗಿ ಹೊತ್ತಿಕೊಳ್ಳುವ ಹೈಡ್ರೋಜನ್‌ನ ಬಗೆಗಳು. ಹೀಲಿಯಂ-3ಕ್ಕೆ ಇನ್ನೂ ಹೆಚ್ಚಿನ ಶಾಖ ಬೇಕು. ಸಮ್ಮಿಳನದಿಂದ ಮನೆಗೆ ಕರೆಂಟ್ ಕೊಡುವ ಸ್ಥಾವರ ಪ್ರಪಂಚದಲ್ಲಿ ಎಲ್ಲೂ ಇಲ್ಲ.

ಎಷ್ಟನೇ ಮೆಟ್ಟಿಲು: ಒಂದು. ಮುಂದಿನ ತಿಂಗಳ ಕರೆಂಟ್ ಬಿಲ್ ಕಟ್ಟಲೇಬೇಕು.

ಚಿನ್ನದ ಕ್ಷುದ್ರಗ್ರಹ: ಗುಣಾಕಾರದ ಮೋಸ

"ಸೈಕಿ ಎಂಬ ಕ್ಷುದ್ರಗ್ರಹದ ಬೆಲೆ ಲಕ್ಷ ಲಕ್ಷ ಕೋಟಿ ಡಾಲರ್, ತಂದರೆ ಭೂಮಿಯ ಪ್ರತಿಯೊಬ್ಬರೂ ಕೋಟ್ಯಧಿಪತಿ" ಎಂಬ ಸಂದೇಶವನ್ನು ನೀವು ನೋಡಿರಬಹುದು. ಈ ಲೆಕ್ಕ ಬಂದದ್ದು ಹೀಗೆ: ಇಡೀ ಕ್ಷುದ್ರಗ್ರಹ ಲೋಹವೇ ಎಂದುಕೊಳ್ಳುವುದು, ಅದರ ತೂಕವನ್ನು ಇಂದಿನ ಮಾರುಕಟ್ಟೆ ಬೆಲೆಯಿಂದ ಗುಣಿಸುವುದು.

ಎರಡೂ ಕಡೆ ತಪ್ಪಿದೆ. ಸೈಕಿಯ ಸಾಂದ್ರತೆ ಕಬ್ಬಿಣದ್ದರ ಅರ್ಧದಷ್ಟಿದೆ ಎಂದು ಈಚಿನ ಅಂದಾಜುಗಳು ಹೇಳುತ್ತವೆ, ಅಂದರೆ ಅದು ಬರೀ ಲೋಹದ ಗುಂಡಲ್ಲ. ಇನ್ನು ಅಷ್ಟೊಂದು ಲೋಹ ಮಾರುಕಟ್ಟೆಗೆ ಬಂದರೆ ಬೆಲೆ ಹಾಗೇ ನಿಲ್ಲುತ್ತದೆಯೇ? ಟೊಮೆಟೊ ಬೆಳೆದು ರೇಟು ಬಿದ್ದಾಗ ರಸ್ತೆಗೆ ಸುರಿದ ರೈತನಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಹಾಗಾದರೆ ನಾವು ಕ್ಷುದ್ರಗ್ರಹಗಳಿಂದ ಏನನ್ನೂ ತಂದೇ ಇಲ್ಲವೇ? ತಂದಿದ್ದೇವೆ. ಜಪಾನಿನ ಹಯಾಬುಸಾ-2 ನೌಕೆ 2020ರ ಡಿಸೆಂಬರ್‌ನಲ್ಲಿ ರ್ಯುಗು ಎಂಬ ಕ್ಷುದ್ರಗ್ರಹದಿಂದ 5.4 ಗ್ರಾಂ ತಂದಿತು, ಒಂದು ಚಮಚದಷ್ಟು. ನಾಸಾದ ಒಸೈರಿಸ್-ರೆಕ್ಸ್ ನೌಕೆ 2023ರ ಸೆಪ್ಟೆಂಬರ್‌ನಲ್ಲಿ ಬೆನ್ನು ಎಂಬ ಕ್ಷುದ್ರಗ್ರಹದಿಂದ 121.6 ಗ್ರಾಂ ತಂದಿತು. ಇವು ವಿಜ್ಞಾನಕ್ಕೆ ಬೆಲೆ ಕಟ್ಟಲಾಗದ ಗ್ರಾಂಗಳು. ಸೌರಮಂಡಲ ಹುಟ್ಟಿದ ಕಾಲದ ವಸ್ತುವನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಲು ಇವುಗಳಿಂದ ಸಾಧ್ಯವಾಗಿದೆ. ಗಣಿಗಾರಿಕೆಗೂ ಇದಕ್ಕೂ ಹೋಲಿಕೆಯಿಲ್ಲ.

ಎಷ್ಟನೇ ಮೆಟ್ಟಿಲು: ಮಾದರಿ ತರುವುದು ಮೂರು. ಗಣಿಗಾರಿಕೆ ಒಂದು.

ಮಂಗಳಕ್ಕೆ 30 ದಿನ: ಲ್ಯಾಬ್‌ನಿಂದ ನೇರ ವಾಟ್ಸ್‌ಆ್ಯಪ್‌ಗೆ

ನಮ್ಮ ಮಂಗಳಯಾನ 2013ರ ನವೆಂಬರ್ 5ರಂದು ಹೊರಟು 2014ರ ಸೆಪ್ಟೆಂಬರ್ 24ರಂದು ಮಂಗಳದ ಕಕ್ಷೆ ಸೇರಿತು. ನಾಸಾದ ಪರ್ಸೆವೆರೆನ್ಸ್ ರೋವರ್ 2020ರ ಜುಲೈ 30ರಂದು ಹೊರಟು 2021ರ ಫೆಬ್ರವರಿ 18ರಂದು ಇಳಿಯಿತು. ಈಗಿನ ರಾಕೆಟ್‌ಗಳಲ್ಲಿ ಆರೇಳು ತಿಂಗಳು ಬೇಕೇ ಬೇಕು. ಅದೂ ಬೇಕೆಂದಾಗ ಹೊರಡುವಂತಿಲ್ಲ. ಭೂಮಿ ಮತ್ತು ಮಂಗಳ ಸರಿಯಾದ ಜಾಗಕ್ಕೆ ಬರುವುದು ಸುಮಾರು 26 ತಿಂಗಳಿಗೊಮ್ಮೆ.

30 ದಿನದ ಮಾತು ಎಲ್ಲಿಂದ ಬಂತು? 2025ರಲ್ಲಿ ರಷ್ಯಾದ ರೊಸಾಟಮ್ ಸಂಸ್ಥೆ ಪ್ಲಾಸ್ಮಾ ಎಂಜಿನ್‌ನ ಲ್ಯಾಬ್ ಮಾದರಿ ತಯಾರಾಗಿದೆ, ಇಂಥ ಎಂಜಿನ್‌ನಿಂದ ಒಂದೆರಡು ತಿಂಗಳಲ್ಲಿ ಮಂಗಳ ತಲುಪಬಹುದು ಎಂದಿತು. ಅದರ ನೂಕುಬಲ ಸುಮಾರು 6 ನ್ಯೂಟನ್, ಅಂದರೆ ಅಂಗೈ ಮೇಲೆ 600 ಗ್ರಾಂ ಇಟ್ಟಷ್ಟು ಒತ್ತಡ. ಅದಕ್ಕೆ ನೂರಾರು ಕಿಲೋವ್ಯಾಟ್ ವಿದ್ಯುತ್ ಬೇಕು. ಅಷ್ಟು ವಿದ್ಯುತ್ ಕೊಡುವ ಪರಮಾಣು ರಿಯಾಕ್ಟರ್ ಬಾಹ್ಯಾಕಾಶದಲ್ಲಿ ಇನ್ನೂ ಹಾರಿಲ್ಲ. "ತಲುಪಬಹುದು" ಎಂಬ ಹೇಳಿಕೆ ನಾಲ್ಕು ಸಲ ಫಾರ್ವರ್ಡ್ ಆಗುವಷ್ಟರಲ್ಲಿ "ತಲುಪುತ್ತಾರೆ" ಎಂದಾಯಿತು.

ಹಾಗೆಂದು ವಿದ್ಯುತ್ ಬಳಸುವ ಎಂಜಿನ್‌ಗಳೆಲ್ಲ ಕನಸು ಎಂದುಕೊಳ್ಳಬೇಡಿ. ಅದರ ಚಿಕ್ಕ ಅಣ್ಣತಮ್ಮಂದಿರು ಆಗಲೇ ಕೆಲಸದಲ್ಲಿದ್ದಾರೆ. 2007ರಲ್ಲಿ ಹೊರಟ ನಾಸಾದ ಡಾನ್ ನೌಕೆಯ ಅಯಾನ್ ಎಂಜಿನ್ ಕೊಡುತ್ತಿದ್ದ ಬಲ ಎಷ್ಟೆಂದರೆ, ನಿಂತ ಜಾಗದಿಂದ ಗಂಟೆಗೆ 96 ಕಿ.ಮೀ. ವೇಗಕ್ಕೆ ಬರಲು ನಾಲ್ಕು ದಿನ! ನಮ್ಮೂರಿನ ಹಳೇ ಲೂನಾ ಕೂಡ ಇದಕ್ಕಿಂತ ಬೇಗ ಜಗ್ಗುತ್ತದೆ. ಆದರೆ ಇದು ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಲ್ಲದೆ ಅತಿ ಕಡಿಮೆ ಇಂಧನದಲ್ಲಿ ನೂಕುತ್ತಲೇ ಇರುತ್ತದೆ. ಹನಿ ಹನಿ ಕೂಡಿ ಹಳ್ಳ. ಈ ಎಂಜಿನ್‌ನ ಬಲದಿಂದಲೇ ಡಾನ್ ನೌಕೆ 2011ರಲ್ಲಿ ವೆಸ್ಟಾ, 2015ರಲ್ಲಿ ಸೆರೆಸ್ ಹೀಗೆ ಭೂಮಿಯಾಚೆ ಎರಡು ಬೇರೆ ಬೇರೆ ಕಾಯಗಳ ಸುತ್ತ ಸುತ್ತಿದ ಮೊದಲ ನೌಕೆಯಾಯಿತು. ಇಂದು ಹಲವು ಸಂಪರ್ಕ ಉಪಗ್ರಹಗಳಲ್ಲೂ ವಿದ್ಯುತ್ ಎಂಜಿನ್‌ಗಳಿವೆ.

ಎಷ್ಟನೇ ಮೆಟ್ಟಿಲು: ಸಣ್ಣ ಅಯಾನ್ ಎಂಜಿನ್ ನಾಲ್ಕು. 30 ದಿನದ ಎಂಜಿನ್ ಎರಡು.

ಮಂಗಳದಲ್ಲಿ ಉಸಿರಾಟ: ಸಣ್ಣ ಸುದ್ದಿ, ದೊಡ್ಡ ಮಾತು

ಫಾರ್ವರ್ಡ್ ಆಗದೇ ಉಳಿದ ಒಂದು ಒಳ್ಳೆಯ ಸುದ್ದಿ ಇಲ್ಲಿದೆ. ಮಂಗಳದ ಗಾಳಿಯಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡ್. ಪರ್ಸೆವೆರೆನ್ಸ್ ರೋವರ್‌ನಲ್ಲಿ ಮಾಕ್ಸಿ ಎಂಬ ಪೆಟ್ಟಿಗೆಯಂಥ ಉಪಕರಣವಿತ್ತು. ಅದು ಆ ಗಾಳಿಯನ್ನು ಒಳಗೆಳೆದು, ಬಿಸಿ ಮಾಡಿ, ವಿದ್ಯುತ್ ಹಾಯಿಸಿ ಆಮ್ಲಜನಕವನ್ನು ಬೇರ್ಪಡಿಸಿತು. 2021ರಿಂದ 2023ರವರೆಗೆ 16 ಬಾರಿ ಓಡಿ ಒಟ್ಟು 122 ಗ್ರಾಂ ಆಮ್ಲಜನಕ ತಯಾರಿಸಿತು.

ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 840 ಗ್ರಾಂ ಆಮ್ಲಜನಕ ಬೇಕು. ಆ ಲೆಕ್ಕದಲ್ಲಿ ಎರಡು ವರ್ಷದ ದುಡಿಮೆ ಒಬ್ಬರ ಮೂರೂವರೆ ಗಂಟೆಯ ಉಸಿರಿಗೆ ಸಮ. ಕೇಳಿದರೆ ನಗು ಬರಬಹುದು. ಆದರೆ ಇನ್ನೊಂದು ಗ್ರಹದ ಗಾಳಿಯಿಂದ ಮನುಷ್ಯನ ಯಂತ್ರವೊಂದು ಆಮ್ಲಜನಕ ತೆಗೆದದ್ದು ಚರಿತ್ರೆಯಲ್ಲೇ ಅದು ಮೊದಲ ಸಲ. ಮಂಗಳದಿಂದ ವಾಪಸು ಹೊರಡುವ ರಾಕೆಟ್‌ನ ಇಂಧನ ಉರಿಯಲು ಟನ್‌ಗಟ್ಟಲೆ ಆಮ್ಲಜನಕ ಬೇಕು. ಅದನ್ನು ಇಲ್ಲಿಂದ ಹೊತ್ತೊಯ್ಯುವ ಬದಲು ಅಲ್ಲೇ ತಯಾರಿಸಬಹುದೇ ಎಂಬ ಪ್ರಶ್ನೆಗೆ ಮೊದಲ ಉತ್ತರ ಸಿಕ್ಕಿದೆ: ಸಾಧ್ಯ, ಯಂತ್ರ ಮಾತ್ರ ನೂರಾರು ಪಟ್ಟು ದೊಡ್ಡದಾಗಬೇಕು.

ಎಷ್ಟನೇ ಮೆಟ್ಟಿಲು: ಮೂರು.

3.1 ಕೋಟಿ ಕಿ.ಮೀ. ದೂರದಿಂದ ಬೆಕ್ಕಿನ ವಿಡಿಯೊ

ಮೊಬೈಲ್ ಹಿಡಿದವರೆಲ್ಲ ಮೆಚ್ಚಬೇಕಾದದ್ದು ಇದು. 2023ರ ಡಿಸೆಂಬರ್ 11ರಂದು ನಾಸಾದ ಸೈಕಿ ನೌಕೆ, ಹೌದು, ಅದೇ ಕ್ಷುದ್ರಗ್ರಹದ ಕಡೆ ಹೊರಟಿರುವ ನೌಕೆ, ಸುಮಾರು 3.1 ಕೋಟಿ ಕಿ.ಮೀ. ದೂರದಿಂದ 15 ಸೆಕೆಂಡಿನ ವಿಡಿಯೊ ಕಳಿಸಿತು. ಅದರಲ್ಲಿದ್ದದ್ದು ಲೇಸರ್ ಚುಕ್ಕೆಯನ್ನು ಅಟ್ಟಿಸಿಕೊಂಡು ಹೋಗುವ ಟೇಟರ್ಸ್ ಎಂಬ ಬೆಕ್ಕು. ಬೆಕ್ಕು ನೌಕೆಯಲ್ಲಿರಲಿಲ್ಲ, ವಿಡಿಯೊವನ್ನು ಉಡಾವಣೆಗೆ ಮೊದಲೇ ನೌಕೆಯಲ್ಲಿ ತುಂಬಿ ಕಳಿಸಿದ್ದರು. ಅದು ಭೂಮಿಗೆ ಬಂದದ್ದು ಸೆಕೆಂಡಿಗೆ 267 ಮೆಗಾಬಿಟ್ ವೇಗದಲ್ಲಿ. ನಮ್ಮ ಎಷ್ಟೋ ಮನೆಗಳ ವೈಫೈ ಅಷ್ಟು ವೇಗವಿಲ್ಲ.

ದೂರದ ನೌಕೆಗಳ ಜೊತೆ ಈಗ ಮಾತಾಡುವುದು ರೇಡಿಯೊ ಅಲೆಗಳ ಮೂಲಕ. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಇಸ್ರೋದ 32 ಮೀಟರ್ ಅಗಲದ ಆಂಟೆನಾ ಇದೆಯಲ್ಲ, ಚಂದ್ರಯಾನ ಮತ್ತು ಮಂಗಳಯಾನದ ಸಂಕೇತಗಳನ್ನು ಹಿಡಿಯುವುದು ಅಂಥದ್ದೇ. ಲೇಸರ್ ಬಳಸಿದರೆ ಅದೇ ಸಮಯದಲ್ಲಿ ಹತ್ತಾರು ಪಟ್ಟು ಹೆಚ್ಚು ಮಾಹಿತಿ ಕಳಿಸಬಹುದು. ತೊಂದರೆಗಳೂ ಇವೆ. ಕಿರಣವನ್ನು ಅತಿ ನಿಖರವಾಗಿ ಗುರಿ ಇಡಬೇಕು, ಮೋಡ ಅಡ್ಡ ಬಂದರೆ ಸಂಪರ್ಕ ಕಡಿಯುತ್ತದೆ. ದೂರ ಹೆಚ್ಚಿದಂತೆ ವೇಗವೂ ಇಳಿಯುತ್ತದೆ. 2024ರ ಏಪ್ರಿಲ್‌ನಲ್ಲಿ ಸುಮಾರು 22.6 ಕೋಟಿ ಕಿ.ಮೀ. ದೂರದಿಂದ ಸಿಕ್ಕಿದ್ದು 25 ಮೆಗಾಬಿಟ್. ಅದೂ ಕಡಿಮೆಯೇನಲ್ಲ.

ಎಷ್ಟನೇ ಮೆಟ್ಟಿಲು: ಮೂರು, ನಾಲ್ಕರ ಕಡೆಗೆ.

ವಾಪಸು ಬರುವ ರಾಕೆಟ್: ಒಂದೇ ತಂತ್ರ, ಬೇರೆ ಬೇರೆ ಮೆಟ್ಟಿಲು

ಒಂದು ಬಸ್ಸು ಮೈಸೂರಿಗೆ ಹೋಗಿ ಪ್ರಯಾಣಿಕರನ್ನು ಇಳಿಸಿದ ಮೇಲೆ ಅದನ್ನು ಗುಜರಿಗೆ ಹಾಕಿದರೆ ಟಿಕೆಟ್ ದರ ಎಷ್ಟಾದೀತು? ರಾಕೆಟ್‌ಗಳಲ್ಲಿ ದಶಕಗಳ ಕಾಲ ನಡೆದದ್ದು ಬಹುಪಾಲು ಹಾಗೆಯೇ. ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ 9 ರಾಕೆಟ್‌ನ ಕೆಳಗಿನ ಹಂತ 2015ರ ಡಿಸೆಂಬರ್‌ನಲ್ಲಿ ಮೊದಲ ಬಾರಿ ನೆಲಕ್ಕೆ ನೆಟ್ಟಗೆ ಇಳಿಯಿತು. 2017ರ ಮಾರ್ಚ್‌ನಲ್ಲಿ ಬಳಸಿದ ಹಂತವೊಂದು ಮತ್ತೆ ಹಾರಿತು. ಈಗ ಒಂದೇ ಹಂತ 25ಕ್ಕೂ ಹೆಚ್ಚು ಬಾರಿ ಹಾರಿದ ಉದಾಹರಣೆಗಳಿವೆ. ಮೇಲಿನ ಹಂತ ಮಾತ್ರ ಇಂದಿಗೂ ಪ್ರತಿ ಬಾರಿ ಹೊಸದೇ ಬೇಕು.

ಭಾರತದಲ್ಲಿ ಇಸ್ರೋ ಬೇರೊಂದು ದಾರಿಯನ್ನೂ ಪರೀಕ್ಷಿಸುತ್ತಿದೆ: ರೆಕ್ಕೆಯಿರುವ, ವಿಮಾನದಂತೆ ರನ್‌ವೇ ಮೇಲೆ ಇಳಿಯುವ ಪುಷ್ಪಕ್. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ 2023ರ ಏಪ್ರಿಲ್, 2024ರ ಮಾರ್ಚ್ ಮತ್ತು ಜೂನ್ ತಿಂಗಳಲ್ಲಿ ಅದನ್ನು ವಾಯುಪಡೆಯ ಹೆಲಿಕಾಪ್ಟರ್‌ನಿಂದ ಸುಮಾರು 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟರು. ಮೂರೂ ಸಲ ಅದು ಯಾರ ನೆರವೂ ಇಲ್ಲದೆ ತಾನೇ ದಾರಿ ಸರಿಪಡಿಸಿಕೊಂಡು ರನ್‌ವೇ ಮೇಲೆ ಇಳಿಯಿತು. ಇದು ನಿಜವಾದ ಸಾಧನೆ. ಆದರೆ ಹೆಲಿಕಾಪ್ಟರ್‌ನಿಂದ ಇಳಿಯುವುದು ಬೇರೆ, ಕಕ್ಷೆಯಿಂದ ಗಂಟೆಗೆ ಸಾವಿರಾರು ಕಿ.ಮೀ. ವೇಗದಲ್ಲಿ ಬೆಂಕಿಯಂಥ ಶಾಖ ತಡೆದುಕೊಂಡು ಬರುವುದು ಬೇರೆ. "ಭಾರತದ ಬಾಹ್ಯಾಕಾಶ ವಿಮಾನ ಸಿದ್ಧ" ಎಂಬ ಸಂದೇಶ ಬಂದರೆ ಈ ವ್ಯತ್ಯಾಸ ನೆನಪಿರಲಿ.

ಎಷ್ಟನೇ ಮೆಟ್ಟಿಲು: ಫಾಲ್ಕನ್ 9ರ ಕೆಳಹಂತ ನಾಲ್ಕು. ಪುಷ್ಪಕ್ ಎರಡು ದಾಟಿ ಮೂರಕ್ಕೆ ಕಾಲೆತ್ತಿದೆ.

ಜೋಡಣೆ ಮತ್ತು ಮೊಳಕೆ ಕಾಳು

2025ರ ಜನವರಿ 16ರಂದು ಇಸ್ರೋದ ಸ್ಪೇಡೆಕ್ಸ್ ಯೋಜನೆಯ ಎರಡು ಪುಟ್ಟ ಉಪಗ್ರಹಗಳು ಕಕ್ಷೆಯಲ್ಲಿ ಒಂದಕ್ಕೊಂದು ಜೋಡಿಕೊಂಡವು. ರಷ್ಯಾ, ಅಮೆರಿಕ ಮತ್ತು ಚೀನಾ ನಂತರ ಇದನ್ನು ಮಾಡಿದ ನಾಲ್ಕನೇ ದೇಶ ಭಾರತ. ಅಮೆರಿಕ ಇದನ್ನು 1966ರಲ್ಲೇ ಮಾಡಿತ್ತು, ಹಾಗಿದ್ದರೆ ನಾವು ಹಿಗ್ಗುವುದೇಕೆ? ಏಕೆಂದರೆ ಈ ವಿದ್ಯೆಯನ್ನು ಯಾರೂ ಎರವಲು ಕೊಡುವುದಿಲ್ಲ. ಚಂದ್ರನ ಮಣ್ಣು ತರಲು ಹೊರಡುವ ಚಂದ್ರಯಾನ-4ಕ್ಕೆ ಕೇಂದ್ರ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ 2,104 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಅದರ ಭಾಗಗಳನ್ನು ಒಂದೇ ರಾಕೆಟ್ ಹೊರಲಾರದು. ಎರಡು ಉಡಾವಣೆಯಲ್ಲಿ ಕಳಿಸಿ ಮೇಲೆಯೇ ಜೋಡಿಸುವ ಯೋಜನೆಯಿದೆ. 2035ಕ್ಕೆ ಗುರಿ ಇಟ್ಟಿರುವ ಭಾರತೀಯ ಅಂತರಿಕ್ಷ ನಿಲ್ದಾಣಕ್ಕೂ ಜೋಡಣೆಯೇ ಅಡಿಪಾಯ.

ಸ್ಪೇಡೆಕ್ಸ್ ಜೊತೆಗೇ ಹೋದ ಇನ್ನೊಂದು ಪೆಟ್ಟಿಗೆಯಲ್ಲಿ ಎಂಟು ಅಲಸಂದೆ ಕಾಳುಗಳಿದ್ದವು. ನಾಲ್ಕು ದಿನದಲ್ಲಿ ಅವು ಮೊಳಕೆಯೊಡೆದವು. ಅದೇ ವರ್ಷದ ಜೂನ್-ಜುಲೈನಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದಾಗ ಹೆಸರುಕಾಳು ಮತ್ತು ಮೆಂತ್ಯದ ಮೊಳಕೆ ಬರಿಸಿದರು. ಆ ಪ್ರಯೋಗವನ್ನು ರೂಪಿಸಿದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಧಾರವಾಡದ ವಿಜ್ಞಾನಿಗಳು. ತೂಕವಿಲ್ಲದ ಸ್ಥಿತಿಯಲ್ಲಿ ಕಾಳು ಹೇಗೆ ಮೊಳೆಯುತ್ತದೆ, ಅದರ ಪೌಷ್ಟಿಕಾಂಶ ಬದಲಾಗುತ್ತದೆಯೇ ಎಂದು ತಿಳಿಯುವುದು ಉದ್ದೇಶ.

ಇಲ್ಲೂ ನೆಗೆತ ಬೇಡ. ಮೊಳಕೆ ಬಂದ ಮಾತ್ರಕ್ಕೆ ಬೆಳೆ ಕೈಗೆ ಬಂದಂತಲ್ಲ.

ಎಷ್ಟನೇ ಮೆಟ್ಟಿಲು: ಎರಡೂ ಮೂರು. ಅಮೆರಿಕ, ರಷ್ಯಾಗಳಿಗೆ ಜೋಡಣೆ ನಾಲ್ಕು.

ಚಂದ್ರನ ಮೇಲೆ ಸೈಟು: ಇಲ್ಲಿ ಹೋಗುವುದು ನಿಮ್ಮ ದುಡ್ಡು

ಇಷ್ಟು ಹೊತ್ತು ಹೇಳಿದ ಸಂದೇಶಗಳನ್ನು ನಂಬಿದರೆ ಹೆಚ್ಚೆಂದರೆ ಗ್ರೂಪ್‌ನಲ್ಲಿ ಒಂದು ವಾದವಾದೀತು. ಆದರೆ ಅವೇ ಸಂದೇಶಗಳು ನೆಲ ಹದ ಮಾಡಿಕೊಟ್ಟ ಮೇಲೆ ಬೀಜ ಬಿತ್ತಲು ಬೇರೆಯವರು ಬರುತ್ತಾರೆ. "ಚಂದ್ರನಲ್ಲಿ ಇಂಧನ ಇದೆ, ಮುಂದೆ ಬೆಲೆ ಏರುತ್ತದೆ, ಈಗಲೇ ಎಕರೆ ಬುಕ್ ಮಾಡಿ" ಎನ್ನುವವರು ಅವರು. ಹುಟ್ಟುಹಬ್ಬಕ್ಕೆ, ಮದುವೆ ವಾರ್ಷಿಕೋತ್ಸವಕ್ಕೆ ಉಡುಗೊರೆಯಾಗಿ ಚೆಂದದ ಪ್ರಮಾಣಪತ್ರ ಮಾರುವವರೂ ಇದ್ದಾರೆ.

1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಚಂದ್ರ ಸೇರಿದಂತೆ ಯಾವ ಆಕಾಶಕಾಯವನ್ನೂ ಯಾವ ದೇಶವೂ ತನ್ನದೆಂದು ಹಕ್ಕು ಸಾಧಿಸುವಂತಿಲ್ಲ. ಭಾರತವೂ ಇದಕ್ಕೆ ಬದ್ಧ. "ದೇಶಕ್ಕೆ ತಾನೇ ನಿಷೇಧ, ವ್ಯಕ್ತಿಗಲ್ಲವಲ್ಲ" ಎಂದು ಮಾರುವವರು ವಾದಿಸುತ್ತಾರೆ. ಆದರೆ ತನ್ನ ಪ್ರಜೆಗಳು ಮತ್ತು ಕಂಪನಿಗಳು ಬಾಹ್ಯಾಕಾಶದಲ್ಲಿ ಮಾಡುವ ಕೆಲಸಕ್ಕೆ ಆಯಾ ದೇಶವೇ ಹೊಣೆ ಎಂದು ಅದೇ ಒಪ್ಪಂದ ಹೇಳುತ್ತದೆ. ಸರ್ಕಾರಕ್ಕೇ ಇಲ್ಲದ ಹಕ್ಕನ್ನು ಅದು ನಿಮಗೆ ನೋಂದಣಿ ಮಾಡಿಕೊಡುವುದು ಹೇಗೆ? ಅಮೆರಿಕ 2015ರಲ್ಲಿ ಕಾನೂನು ಮಾಡಿ, ಬಾಹ್ಯಾಕಾಶದಿಂದ ಅಗೆದು ತಂದ ವಸ್ತುವಿನ ಮೇಲೆ ತನ್ನ ಕಂಪನಿಗಳಿಗೆ ಹಕ್ಕು ಕೊಟ್ಟಿದೆ. ನೆಲದ ಮೇಲೆ ಕೊಟ್ಟಿಲ್ಲ. ಹಿಡಿದ ಮೀನು ಮೀನುಗಾರನದು, ಕಡಲು ಅವನದಲ್ಲ.

ಖಾತೆಯಿಲ್ಲ, ಪಹಣಿಯಿಲ್ಲ, ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯೂ ನೋಂದಾಯಿಸದ ಸೈಟು ಅದು. ಕೈಗೆ ಬರುವುದು ಚೌಕಟ್ಟು ಹಾಕಿಸಬಹುದಾದ ಕಾಗದ ಮಾತ್ರ.

ಮಕ್ಕಳಿರುವ ಮನೆಯವರಿಗೆ ಇನ್ನೊಂದು ಮಾತು. ಇಸ್ರೋ ಹೆಸರು ಹೇಳಿ ತರಬೇತಿಗೋ ಪ್ರಮಾಣಪತ್ರಕ್ಕೋ ಹಣ ಕೇಳುವ ಲಿಂಕ್ ಬಂದರೆ ಒತ್ತುವ ಮುನ್ನ ಇಸ್ರೋದ ಅಧಿಕೃತ ವೆಬ್‌ಸೈಟ್ ನೋಡಿ. ಒಂಬತ್ತನೇ ತರಗತಿ ಮಕ್ಕಳಿಗಾಗಿ ಇಸ್ರೋ ನಡೆಸುವ ಯುವಿಕಾ ಕಾರ್ಯಕ್ರಮದಲ್ಲಿ ಆಯ್ಕೆಯಾದ ಮಕ್ಕಳ ಪ್ರಯಾಣ, ಊಟ, ವಸತಿ ಖರ್ಚನ್ನು ಇಸ್ರೋವೇ ಭರಿಸುತ್ತದೆ.

ಸೋತಾಗ ಬೈಯುವುದೂ ಇದೇ ತಪ್ಪಿನ ಇನ್ನೊಂದು ಮುಖ

2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ನೆಲಕ್ಕೆ ಸುಮಾರು 2 ಕಿ.ಮೀ. ಇರುವಾಗ ಸಂಪರ್ಕ ಕಡಿದುಕೊಂಡಿತು. ಅದರ ಕಲಿಕೆಯಿಂದ ಚಂದ್ರಯಾನ-3ರ ಕಾಲುಗಳು ಗಟ್ಟಿಯಾದವು, ಇಂಧನ ಹೆಚ್ಚಾಯಿತು, ಇಳಿಯುವ ಜಾಗ 500 ಮೀಟರ್ ಚೌಕದಿಂದ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿತು. 2023ರ ಆಗಸ್ಟ್ 23ರಂದು ಅದು ದಕ್ಷಿಣ ಧ್ರುವದ ಬಳಿ ಸುರಕ್ಷಿತವಾಗಿ ಇಳಿಯಿತು.

ಮೂರನೇ ಮೆಟ್ಟಿಲಲ್ಲಿರುವುದನ್ನು ನಾಲ್ಕನೆಯದು ಎಂದು ನಂಬಿಸಿದರೆ, ಅದು ಸೋತ ದಿನ "ದುಡ್ಡು ದಂಡ" ಎಂಬ ಸಂದೇಶ ಅಷ್ಟೇ ಜೋರಾಗಿ ಓಡುತ್ತದೆ. ಅತಿಯಾಗಿ ಹೊಗಳುವ ಫಾರ್ವರ್ಡ್ ಮತ್ತು ಅತಿಯಾಗಿ ಹೀಯಾಳಿಸುವ ಫಾರ್ವರ್ಡ್ ಎರಡೂ ಒಂದೇ ಮರದ ಕಾಯಿ. ಯಾವುದು ಇನ್ನೂ ಪರೀಕ್ಷೆ ಎಂದು ಮೊದಲೇ ಗೊತ್ತಿದ್ದವರು ಎರಡಕ್ಕೂ ಬಲಿಯಾಗುವುದಿಲ್ಲ.

ಶೇರ್ ಒತ್ತುವ ಮುನ್ನ ನಾಲ್ಕು ಪ್ರಶ್ನೆ

1. ಎಲ್ಲಿ ನಡೆದಿದೆ? ಕಾಗದದ ಮೇಲೋ, ಲ್ಯಾಬ್‌ನಲ್ಲೋ, ಬಾಹ್ಯಾಕಾಶದಲ್ಲೋ?

2. ಎಷ್ಟು? ಗ್ರಾಂ, ಕಿಲೋ, ನಿಮಿಷ, ಎಷ್ಟು ಬಾರಿ. ಸಂದೇಶದಲ್ಲಿ ಈ ಅಂಕಿ ಇಲ್ಲದಿದ್ದರೆ ಅನುಮಾನಿಸಿ.

3. ಕ್ರಿಯಾಪದ ಯಾವುದು? "ಮಾಡಿದೆ", "ಮಾಡಲಿದೆ", "ಮಾಡಬಹುದು" ಇವು ಮೂರೂ ಬೇರೆ ಬೇರೆ. ಮೂಲ ಸುದ್ದಿಯಲ್ಲಿ "ಮಾಡಬಹುದು" ಎಂದಿದ್ದದ್ದು ನಿಮ್ಮ ಫೋನಿಗೆ ಬರುವಾಗ "ಮಾಡಿದೆ" ಆಗಿದೆಯೇ ನೋಡಿ.

4. ಕೊನೆಗೆ ಏನು ಕೇಳುತ್ತಿದೆ? ಹಣ, ಒಟಿಪಿ, ಲಿಂಕ್ ಇದ್ದರೆ ಅಲ್ಲೇ ನಿಲ್ಲಿಸಿ.

ಗ್ರೂಪ್‌ನಲ್ಲಿ ಇಂಥ ಸಂದೇಶ ಹಾಕಿದವರು ನಿಮ್ಮ ದೊಡ್ಡಪ್ಪನೋ ಶಾಲೆಯ ಮೇಷ್ಟ್ರೋ ಆಗಿರಬಹುದು. "ಫೇಕ್" ಎಂದು ಮುಖಕ್ಕೆ ಹೊಡೆದಂತೆ ಬರೆದರೆ ಅವರು ಓದುವುದಿಲ್ಲ, ಬೇಸರ ಮಾತ್ರ ಉಳಿಯುತ್ತದೆ. ಬೇಕಿದ್ದರೆ ಇದನ್ನು ಕಾಪಿ ಮಾಡಿ ಹಾಕಿ:

"ಚಂದ್ರನಲ್ಲಿ ಹೀಲಿಯಂ-3 ಇರುವುದು ನಿಜ. ಆದರೆ ಒಂದು ಕಿಲೋ ತೆಗೆಯಲು ಲಕ್ಷ ಟನ್‌ವರೆಗೆ ಮಣ್ಣು ಜರಡಿ ಹಿಡಿಯಬೇಕಂತೆ, ಅದರಿಂದ ಕರೆಂಟ್ ಮಾಡುವ ಸ್ಥಾವರ ಇನ್ನೂ ಎಲ್ಲೂ ಇಲ್ಲ. ಆಗಿರುವ ಸಂಗತಿ ಬೇಕೆಂದರೆ ಇದು: ನಮ್ಮ ಧಾರವಾಡದವರು ರೂಪಿಸಿದ ಪ್ರಯೋಗದಲ್ಲಿ ಹೆಸರುಕಾಳು, ಮೆಂತ್ಯ ಬಾಹ್ಯಾಕಾಶದಲ್ಲಿ ಮೊಳಕೆಯೊಡೆದಿವೆ. ನಮ್ಮ ಚಳ್ಳಕೆರೆಯಲ್ಲಿ ಪುಷ್ಪಕ್ ಮೂರು ಸಲ ತಾನೇ ತಾನಾಗಿ ಇಳಿದಿದೆ. ಹೆಮ್ಮೆಪಡಲು ಇಷ್ಟು ಸಾಕು, ಉಳಿದದ್ದನ್ನು ಕಾದು ನೋಡೋಣ."